ಹಳೆಯ ಆವೃತ್ತಿಗೆ ಆರು ಪಟ್ಟು ಬಾಡಿಗೆ: ಕಂಟ್ರೋಲ್ ಪ್ಲೇನ್ ಬಿಲ್ಲಿನ ಒಳಲೆಕ್ಕ

ಅಮೆಜಾನ್ ವೆಬ್ ಸರ್ವೀಸಸ್ ಒದಗಿಸುವ ಇಕೆಎಸ್ ಸೇವೆಯಲ್ಲಿ, ಹಲವು ಯಂತ್ರಗಳ ಮೇಲೆ ಅಪ್ಲಿಕೇಶನ್‌ಗಳನ್ನು ನಡೆಸುವ ಕುಬರ್ನೆಟಿಸ್ ತಂತ್ರಾಂಶದ 1.31ನೇ ಆವೃತ್ತಿಯನ್ನೇ ಉಳಿಸಿಕೊಂಡಿದ್ದ ಸಂಸ್ಥೆಗಳ ಬಿಲ್ಲಿನಲ್ಲಿ 2025ರ ನವೆಂಬರ್ 26ರ ನಂತರ ಒಂದು ಬಾಬ್ತು ಇದ್ದಕ್ಕಿದ್ದಂತೆ ಆರು ಪಟ್ಟಾಯಿತು. ಹೊಸ ಸರ್ವರ್ ಪಡೆಯದಿದ್ದರೂ, ಬಳಕೆದಾರರ ಸಂಖ್ಯೆ ಏರದಿದ್ದರೂ, ಯಾರೂ ಯಾವ ಸೆಟ್ಟಿಂಗನ್ನೂ ಮುಟ್ಟದಿದ್ದರೂ ಇದು ಆಗುತ್ತದೆ. ಮುಟ್ಟದೆ ಬಿಟ್ಟದ್ದೇ ಏರಿಕೆಗೆ ಕಾರಣ. ಒಂದು ಕ್ಲಸ್ಟರನ್ನು, ಅಂದರೆ ಒಟ್ಟಾಗಿ ದುಡಿಯುವ ಯಂತ್ರಗಳ ಗುಂಪನ್ನು, ನಿಯಂತ್ರಿಸುವ ಕಂಟ್ರೋಲ್ ಪ್ಲೇನ್‌ಗೆ ಗಂಟೆಗೆ 10 ಸೆಂಟ್ ಇರುವ ಶುಲ್ಕ, ಆ ಆವೃತ್ತಿಯ 14 ತಿಂಗಳ ಸಾಮಾನ್ಯ ಬೆಂಬಲದ ಅವಧಿ ಮುಗಿದ ಕೂಡಲೇ 60 ಸೆಂಟ್ ಆಗುತ್ತದೆ. ತಿಂಗಳಿಗೆ 730 ಗಂಟೆ ಎಂದು ಹಿಡಿದರೆ 73 ಡಾಲರ್ ಇದ್ದದ್ದು 438 ಡಾಲರ್ ಆದಂತೆ. ಡೆವಲಪ್‌ಮೆಂಟ್‌ಗೊಂದು, ಟೆಸ್ಟಿಂಗ್‌ಗೊಂದು, ಪ್ರೊಡಕ್ಷನ್‌ಗೊಂದು ಎಂದು ಬೆಳೆಸುತ್ತಾ ಹೋಗಿ 20 ಕ್ಲಸ್ಟರ್ ಇಟ್ಟುಕೊಂಡ ಕಂಪನಿಗೆ ತಿಂಗಳ ಲೆಕ್ಕ 1,460 ಡಾಲರಿನಿಂದ 8,760 ಡಾಲರಿಗೆ ಜಿಗಿಯುತ್ತದೆ.

ನಿನ್ನೆ ಓಡುತ್ತಿದ್ದ ತಂತ್ರಾಂಶವೇ ಇಂದೂ ಅವೇ ಯಂತ್ರಗಳ ಮೇಲೆ ಓಡುತ್ತಿರುವಾಗ ಬೆಲೆ ಮಾತ್ರ ಬದಲಾದದ್ದು ಹೇಗೆ ಎಂಬ ಗೊಂದಲ ಸಹಜವಾದದ್ದು. ಕಂಟ್ರೋಲ್ ಪ್ಲೇನ್ ಅನ್ನು ಬೇರೆಯವರ ಬಳಿ ಇಟ್ಟಾಗ ನಾವು ಬಾಡಿಗೆ ಕೊಡುವುದು ಯಂತ್ರಕ್ಕೆ ಎಂದು ಭಾವಿಸಿರುವುದೇ ಈ ಗೊಂದಲದ ಮೂಲ.

ಚುಕ್ಕಾಣಿ ಮತ್ತು ಹುಟ್ಟು

ಕುಬರ್ನೆಟಿಸ್ ಎಂಬುದು ಚುಕ್ಕಾಣಿ ಹಿಡಿಯುವವನು ಎಂಬ ಅರ್ಥದ ಗ್ರೀಕ್ ಪದ. ಗೂಗಲ್ ತನ್ನೊಳಗೆ ಬಳಸುತ್ತಿದ್ದ ಬೋರ್ಗ್ ಎಂಬ ವ್ಯವಸ್ಥೆಯ ಅನುಭವದಿಂದ ಇದನ್ನು ರೂಪಿಸಿ 2014ರ ಜೂನ್‌ನಲ್ಲಿ ಪ್ರಕಟಿಸಿತು. 2015ರ ಜುಲೈನಲ್ಲಿ ಮೊದಲ ಪೂರ್ಣ ಆವೃತ್ತಿ ಬಂದಾಗ ಅದನ್ನು ಲಿನಕ್ಸ್ ಫೌಂಡೇಶನ್ ಆಶ್ರಯದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ಗೆ ಒಪ್ಪಿಸಿತು. ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಪೊಟ್ಟಣಗಳಲ್ಲಿ ಕಟ್ಟಿ, ಹತ್ತಾರು ಅಥವಾ ಸಾವಿರಾರು ಯಂತ್ರಗಳ ಮೇಲೆ ಹಂಚಿ, ಒಂದು ಕೆಟ್ಟರೆ ಇನ್ನೊಂದನ್ನು ಎಬ್ಬಿಸಿ, ಜನ ಹೆಚ್ಚಾದರೆ ಪ್ರತಿಗಳನ್ನು ಹೆಚ್ಚಿಸುವ ಕೆಲಸ ಅದರದು.

ಇಂಥ ಪ್ರತಿಯೊಂದು ಕ್ಲಸ್ಟರಿನಲ್ಲೂ ಎರಡು ಭಾಗಗಳಿರುತ್ತವೆ. ನಿಜವಾದ ಅಪ್ಲಿಕೇಶನ್ ಓಡುವ ಯಂತ್ರಗಳನ್ನು ನೋಡ್‌ಗಳು ಎನ್ನುತ್ತಾರೆ. ದೋಣಿಗೆ ಹೋಲಿಸಿದರೆ ಹುಟ್ಟು ಹಾಕುವವರು ಇವರು. ಯಾವ ಕಂಟೇನರ್ ಯಾವ ನೋಡ್ ಮೇಲೆ ಇರಬೇಕೆಂದು ನಿರ್ಧರಿಸಿ, ಆ ನಿರ್ಧಾರವನ್ನು ನೆನಪಿಟ್ಟುಕೊಂಡು, ಅದರಂತೆ ನಡೆದಿದೆಯೇ ಎಂದು ಸದಾ ಹೋಲಿಸಿ ನೋಡುವ ಭಾಗವೇ ಕಂಟ್ರೋಲ್ ಪ್ಲೇನ್. ಎಲ್ಲ ಆದೇಶಗಳೂ ಬಂದು ಸೇರುವ ಎಪಿಐ ಸರ್ವರ್, ಜಾಗ ಹುಡುಕುವ ಶೆಡ್ಯೂಲರ್, ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ವ್ಯತ್ಯಾಸ ಸರಿಪಡಿಸುವ ಕಂಟ್ರೋಲರ್ ಮ್ಯಾನೇಜರ್, ಎಲ್ಲವನ್ನೂ ಬರೆದಿಡುವ ಎಟ್‌ಸಿಡಿ ಎಂಬ ದತ್ತಸಂಚಯ ಇದರೊಳಗಿನ ಮುಖ್ಯ ಅಂಗಗಳು.

ಇವುಗಳಲ್ಲಿ ನಿಜಕ್ಕೂ ನಾಜೂಕಾದದ್ದು ಎಟ್‌ಸಿಡಿ. ಉಳಿದವು ಕೆಟ್ಟರೆ ಮತ್ತೆ ಚಾಲೂ ಮಾಡಬಹುದು, ಏಕೆಂದರೆ ಅವು ತಮ್ಮಲ್ಲಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಎಟ್‌ಸಿಡಿಯಲ್ಲಿರುವ ದಾಖಲೆ ಹೋದರೆ, ಬ್ಯಾಕಪ್ ಇಲ್ಲದಿದ್ದಲ್ಲಿ, ಕ್ಲಸ್ಟರ್ ತನ್ನ ಗುರುತನ್ನೇ ಮರೆತಂತೆ. ಅದಕ್ಕಾಗಿಯೇ ಅದರ ಮೂರು ಅಥವಾ ಐದು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿಡುತ್ತಾರೆ. ರಾಫ್ಟ್ ಎಂಬ ವಿಧಾನದ ಪ್ರಕಾರ ಬಹುಮತ ಒಪ್ಪಿದರೆ ಮಾತ್ರ ಒಂದು ಬದಲಾವಣೆ ದಾಖಲಾಗುತ್ತದೆ. ಮೂರರಲ್ಲಿ ಒಂದು ಸತ್ತರೆ ಕೆಲಸ ನಡೆಯುತ್ತದೆ, ಎರಡು ಸತ್ತರೆ ನಿಲ್ಲುತ್ತದೆ. ಪ್ರತಿ ಬರವಣಿಗೆಯೂ ಡಿಸ್ಕ್ ಮೇಲೆ ಗಟ್ಟಿಯಾಗಿ ಕೂತ ನಂತರವೇ ಮುಂದಿನ ಹೆಜ್ಜೆ ಇಡುವುದರಿಂದ ಡಿಸ್ಕ್ ನಿಧಾನವಾದರೆ ಇಡೀ ಕ್ಲಸ್ಟರ್ ನಿಧಾನವಾಗುತ್ತದೆ. ನಾಯಕ ಪ್ರತಿಯು 100 ಮಿಲಿಸೆಕೆಂಡಿಗೊಮ್ಮೆ ತಾನಿದ್ದೇನೆ ಎಂದು ಉಳಿದವಕ್ಕೆ ತಿಳಿಸಬೇಕು. 1,000 ಮಿಲಿಸೆಕೆಂಡ್ ಸದ್ದಿಲ್ಲದಿದ್ದರೆ ಹೊಸ ನಾಯಕನ ಆಯ್ಕೆ ಶುರುವಾಗುತ್ತದೆ. ಇವು ಅದರ ಮೂಲ ಅಳತೆಗಳು. ದತ್ತಾಂಶಕ್ಕೆ ಮೂಲತಃ 2 ಗಿಗಾಬೈಟ್ ಮಿತಿಯಿದ್ದು, 8 ಗಿಗಾಬೈಟ್ ದಾಟಿಸಬಾರದೆಂಬ ಸಲಹೆಯಿದೆ. ಇಷ್ಟು ಚಿಕ್ಕ ಡಬ್ಬಿಗಾಗಿ ಇಷ್ಟು ಕಾವಲು ಬೇಕಾಗಿರುವುದರಿಂದಲೇ ಅದನ್ನು ಬೇರೆಯವರಿಗೆ ವಹಿಸುವ ವ್ಯಾಪಾರ ಹುಟ್ಟಿಕೊಂಡಿತು.

ಉಚಿತದಿಂದ 60 ಸೆಂಟ್‌ವರೆಗೆ

ಈ ವ್ಯಾಪಾರದ ಬೆಲೆ ನೆಟ್ಟಗೆ ಮೇಲೇರಿದ್ದಲ್ಲ. ಗೂಗಲ್ 2015ರಲ್ಲಿ ಜಿಕೆಇ ಸೇವೆಯನ್ನು ತೆರೆದಾಗ ಐದು ನೋಡ್‌ವರೆಗಿನ ಕ್ಲಸ್ಟರಿಗೆ ಶುಲ್ಕವಿರಲಿಲ್ಲ, ಅದಕ್ಕಿಂತ ದೊಡ್ಡದಕ್ಕೆ ಗಂಟೆಗೆ 15 ಸೆಂಟ್ ಇತ್ತು. 2017ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕೆಎಸ್ ಸೇವೆಯನ್ನು ಕಂಟ್ರೋಲ್ ಪ್ಲೇನ್ ಉಚಿತ ಎಂದೇ ಪ್ರಕಟಿಸಿತು, ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಕೂಡ ಶುಲ್ಕ ಕೈಬಿಟ್ಟಿತು. 2018ರ ಜೂನ್‌ನಲ್ಲಿ ಅಮೆಜಾನ್ ಇಕೆಎಸ್ ಅನ್ನು ಎಲ್ಲರಿಗೂ ತೆರೆದಾಗ ಮಾತ್ರ ಗಂಟೆಗೆ 20 ಸೆಂಟ್ ಎಂದಿತು. 2020ರ ಜನವರಿಯಲ್ಲಿ ಅದು ಈ ದರವನ್ನು 10 ಸೆಂಟಿಗೆ ಇಳಿಸಿತು; ಎರಡು ತಿಂಗಳಲ್ಲೇ ಗೂಗಲ್ ತಾನೂ ಅದೇ ವರ್ಷದ ಜೂನ್ 6ರಿಂದ 10 ಸೆಂಟ್ ವಿಧಿಸುವುದಾಗಿ ಹೇಳಿತು. ಒಬ್ಬರು ಮೇಲಿನಿಂದ ಇಳಿದು, ಇನ್ನೊಬ್ಬರು ಸೊನ್ನೆಯಿಂದ ಏರಿ ಒಂದೇ ಮೆಟ್ಟಿಲಲ್ಲಿ ಭೇಟಿಯಾದರು. ಮೈಕ್ರೋಸಾಫ್ಟ್ ಉಚಿತ ಶ್ರೇಣಿಯನ್ನು ಉಳಿಸಿಕೊಂಡಿತಾದರೂ, ಸೇವೆ ನಿಂತರೆ ಪರಿಹಾರ ಕೊಡುವ ಭರವಸೆ ಬೇಕಾದವರಿಗೆ 10 ಸೆಂಟಿನ ಶ್ರೇಣಿಯನ್ನೇ ತೋರಿಸುತ್ತದೆ.

ನಂತರ ಬಂದದ್ದು ಹಳೆಯ ಆವೃತ್ತಿಗಳ ದರ. ಅಮೆಜಾನ್ 2024ರ ಏಪ್ರಿಲ್ 1ರಿಂದ ವಿಸ್ತರಿತ ಬೆಂಬಲದ ಹೆಸರಿನಲ್ಲಿ 60 ಸೆಂಟ್ ವಿಧಿಸತೊಡಗಿತು. ಗೂಗಲ್‌ನ ವಿಸ್ತರಿತ ಅವಧಿಯಲ್ಲಿ 10 ಸೆಂಟಿನ ಮೇಲೆ ಇನ್ನೂ 50 ಸೆಂಟ್ ಸೇರುತ್ತದೆ. ದೀರ್ಘಾವಧಿ ಬೆಂಬಲವಿರುವ ಮೈಕ್ರೋಸಾಫ್ಟ್‌ನ ಪ್ರೀಮಿಯಂ ಶ್ರೇಣಿಗೂ ಗಂಟೆಗೆ 60 ಸೆಂಟ್. ಮೂವರು ಪ್ರತಿಸ್ಪರ್ಧಿಗಳು ಮೂರು ಬೇರೆ ದಾರಿಯಲ್ಲಿ ಬಂದು ಒಂದೇ ಅಂಕಿಯಲ್ಲಿ ನಿಂತಿರುವುದು ಗಮನಿಸತಕ್ಕ ವಿಚಾರ. ಇದನ್ನು ಸಂಶಯದಿಂದ ನೋಡುವವರಿದ್ದಾರೆ, ಸಂಶಯಕ್ಕೆ ಎಡೆಯೂ ಇದೆ. ಆದರೆ ಹಳೆಯದನ್ನು ಬಿಡಲೊಪ್ಪದ ಗ್ರಾಹಕನಿಂದ ಎಷ್ಟು ಕೇಳಬಹುದೆಂಬ ಮಾರುಕಟ್ಟೆಯ ಅಂದಾಜು ಎಲ್ಲರಿಗೂ ಒಂದೇ ಇದ್ದರೂ ಇದೇ ಫಲಿತಾಂಶ ಬರುತ್ತದೆ.

ಈ ದರಗಳಿಂದ ಸ್ಪಷ್ಟವಾಗುವ ಸಂಗತಿ ಒಂದಿದೆ. ಎಪಿಐ ಸರ್ವರಿನ ಎರಡು ಮತ್ತು ಎಟ್‌ಸಿಡಿಯ ಮೂರು ಪ್ರತಿಗಳನ್ನಾದರೂ ಬೇರೆ ಬೇರೆ ವಲಯಗಳಲ್ಲಿ ಹರಡಿ ನಡೆಸುವ ಖರ್ಚು ತಿಂಗಳಿಗೆ 73 ಡಾಲರಿನ ಆಸುಪಾಸಿನಲ್ಲೇ ಮುಗಿಯುತ್ತದೆ ಎಂದು ಕಂಪನಿಗಳೇ ಒಪ್ಪಿದಂತಾಗಿದೆ. ಅದರ ಮೇಲಿನ 365 ಡಾಲರ್ ಯಂತ್ರದ್ದಲ್ಲ, ಹಳೆತನದ್ದು.

14 ತಿಂಗಳ ಗಡುವು

ಹಳೆತನ ಇಷ್ಟು ದುಬಾರಿಯಾಗಲು ಕುಬರ್ನೆಟಿಸ್‌ನ ಬಿಡುಗಡೆಯ ಲಯ ಕಾರಣ. 2021ರಿಂದ ಈ ಯೋಜನೆ ವರ್ಷಕ್ಕೆ ಮೂರು ಆವೃತ್ತಿಗಳನ್ನು ಹೊರತರುತ್ತಿದೆ ಮತ್ತು ಪ್ರತಿ ಆವೃತ್ತಿಗೂ ಸುಮಾರು 14 ತಿಂಗಳು ಮಾತ್ರ ಭದ್ರತಾ ತೇಪೆಗಳನ್ನು ಕೊಡುತ್ತದೆ. ಆ ಮೇಲೆ ದೋಷ ಕಂಡುಬಂದರೆ ಸಮುದಾಯದವರು ಸರಿಪಡಿಸುವುದಿಲ್ಲ. ಹಳೆಯ ಆವೃತ್ತಿಗೆ ಆ ತೇಪೆಯನ್ನು ಯಾರಾದರೂ ಸಂಬಳ ಪಡೆದು ಹೊಲಿಯಬೇಕು. ವಿಸ್ತರಿತ ಬೆಂಬಲದ ಶುಲ್ಕಕ್ಕೆ ಕಂಪನಿಗಳು ಕೊಡುವ ಸಮರ್ಥನೆ ಇದೇ, ಮತ್ತು ಅದರಲ್ಲಿ ಹುರುಳಿದೆ.

ಹಾಗಿದ್ದರೆ ಗ್ರಾಹಕರು ಸಮಯಕ್ಕೆ ಸರಿಯಾಗಿ ಮೇಲೇರುವುದಿಲ್ಲವೇಕೆ? ಕಂಟ್ರೋಲ್ ಪ್ಲೇನ್ ಮಟ್ಟಿಗೆ ಒಂದು ಗುಂಡಿ ಒತ್ತಿದರೆ ಕೆಲಸ ಆಗುತ್ತದೆ. ತೊಡಕಿರುವುದು ಅದರ ಮೇಲೆ ಕೂತಿರುವ ಗ್ರಾಹಕರ ಸ್ವಂತ ಸಾಮಾನುಗಳಲ್ಲಿ. 1.22ನೇ ಆವೃತ್ತಿಯಲ್ಲಿ, ಹೊರಗಿನ ಬೇಡಿಕೆಗಳನ್ನು ಒಳಗಿನ ಸೇವೆಗಳಿಗೆ ತಲುಪಿಸುವ ಇಂಗ್ರೆಸ್‌ನ ಹಳೆಯ ಬೀಟಾ ರೂಪಗಳನ್ನು ತೆಗೆದುಹಾಕಿದಾಗ, 1.24ರಲ್ಲಿ ಡಾಕರ್‌ಗೆ ಸೇತುವೆಯಾಗಿದ್ದ ಡಾಕರ್‌ಶಿಮ್ ಹೊರಟುಹೋದಾಗ, 1.25ರಲ್ಲಿ ಪಾಡ್‌ಗಳ, ಅಂದರೆ ಒಟ್ಟಿಗೆ ಓಡುವ ಕಂಟೇನರ್ ಗುಂಪುಗಳ, ಭದ್ರತೆ ನೋಡುತ್ತಿದ್ದ ಪಾಡ್ ಸೆಕ್ಯುರಿಟಿ ಪಾಲಿಸಿ ಮಾಯವಾದಾಗ, ಅವನ್ನು ನಂಬಿದ್ದ ಪ್ರತಿ ಸಂಸ್ಥೆಯೂ ಸಂರಚನೆ ಬರೆದಿಡುವ ತನ್ನ ಯಾಮಲ್ ಕಡತಗಳನ್ನು ತಾನೇ ತಿದ್ದಿಕೊಳ್ಳಬೇಕಾಯಿತು. ಕಂಟ್ರೋಲ್ ಪ್ಲೇನ್ ಅನ್ನು ಒಂದೊಂದೇ ಆವೃತ್ತಿಯಾಗಿ ಏರಿಸಬೇಕೇ ಹೊರತು ನಡುವಿನದನ್ನು ಹಾರುವಂತಿಲ್ಲ. ನೋಡ್‌ಗಳು ಅದಕ್ಕಿಂತ ಹೆಚ್ಚೆಂದರೆ ಮೂರು ಆವೃತ್ತಿ ಹಿಂದಿರಬಹುದು. ಹೀಗೆ ಒಂದು ವರ್ಷ ಉದಾಸೀನ ಮಾಡಿದವರಿಗೆ ಮುಂದಿನ ವರ್ಷ ಒಂದರ ಹಿಂದೆ ಒಂದರಂತೆ ಮೂರು ಅಪ್‌ಗ್ರೇಡ್‌ಗಳ ಸಾಲ ಕಾದಿರುತ್ತದೆ.

ಇಲ್ಲಿ ಅಮೆಜಾನ್ ಮಾಡಿರುವ ಒಂದು ಆಯ್ಕೆಯನ್ನು ಪ್ರಶ್ನಿಸಲೇಬೇಕು. ಸಾಮಾನ್ಯ ಅವಧಿ ಮುಗಿದಾಗ ವಿಸ್ತರಿತ ಬೆಂಬಲಕ್ಕೆ ಹೋಗಬೇಕೋ, ತಾನಾಗಿಯೇ ಮುಂದಿನ ಆವೃತ್ತಿಗೆ ಏರಬೇಕೋ ಎಂಬುದನ್ನು ಗ್ರಾಹಕ ಆರಿಸಬಹುದು. ಏನನ್ನೂ ಆರಿಸದಿದ್ದರೆ ದುಬಾರಿಯಾದ ವಿಸ್ತರಿತ ಬೆಂಬಲವೇ ಅನ್ವಯಿಸುತ್ತದೆ. ಹೇಳದೆ ಕೇಳದೆ ಕ್ಲಸ್ಟರ್ ಏರಿಸಿದರೆ ಅಪ್ಲಿಕೇಶನ್ ಮುರಿದೀತು, ಅದಕ್ಕಿಂತ ಬಿಲ್ಲು ಏರುವುದೇ ಮೇಲು ಎಂಬ ವಾದ ತಪ್ಪಲ್ಲ. ಆದರೆ ಮರೆತವನೇ ಹೆಚ್ಚು ಕೊಡುವಂತಾದ ವ್ಯವಸ್ಥೆಯಲ್ಲಿ, ಮರೆವು ಕಂಪನಿಯ ಆದಾಯವೂ ಆಗುತ್ತದೆ.

ತಾವೇ ನಡೆಸುತ್ತೇವೆ ಎನ್ನುವವರು

ಬಿಲ್ಲು ನೋಡಿದ ಕೂಡಲೇ ಹಲವರಿಗೆ ಬರುವ ಯೋಚನೆ, ಮೂರು ಯಂತ್ರ ತೆಗೆದುಕೊಂಡು ಕಂಟ್ರೋಲ್ ಪ್ಲೇನ್ ಅನ್ನು ನಾವೇ ನಡೆಸಿದರಾಯಿತು ಎಂಬುದು. ತಂತ್ರಾಂಶ ಮುಕ್ತವಾಗಿದೆ, ಕ್ಲಸ್ಟರ್ ಕಟ್ಟಿಕೊಡುವ ಕುಬ್‌ಎಡಿಎಂನಂಥ (kubeadm) ಸಾಧನಗಳಿವೆ, ಎಪಿಐ ಸರ್ವರಿನ ಪ್ರತಿಯೊಂದು ಸೆಟ್ಟಿಂಗ್ ಕೈಯಲ್ಲಿರುತ್ತದೆ, ಒಂದು ಕ್ಲೌಡ್ ಕಂಪನಿಗೆ ಕಟ್ಟುಬೀಳುವ ಭಯವಿಲ್ಲ ಎಂಬುದು ಅವರ ಪರವಾದ ಮಾತುಗಳು. ಸ್ವಂತ ಡೇಟಾ ಸೆಂಟರ್ ಇರುವವರಿಗೆ ಬೇರೆ ದಾರಿ ಕಡಿಮೆ ಎಂಬುದೂ ನಿಜ.

ಆದರೆ ಹಳೆತನ ಇಲ್ಲಿಯೂ ಬಿಡುವುದಿಲ್ಲ, ಬಿಲ್ಲಿನ ರೂಪದಲ್ಲಿ ಬರುವ ಬದಲು ಬೇರೆ ರೂಪದಲ್ಲಿ ಬರುತ್ತದೆ. ರೆಡ್ಡಿಟ್ ತಾಣ 2023ರ ಮಾರ್ಚ್ 14ರಂದು 314 ನಿಮಿಷ ನಿಂತುಹೋದದ್ದು ಇಂಥದೇ ಸಂದರ್ಭದಲ್ಲಿ. ತಾವೇ ನಡೆಸುತ್ತಿದ್ದ ಕ್ಲಸ್ಟರನ್ನು ಅವರು 1.23ರಿಂದ 1.24ಕ್ಕೆ ಏರಿಸಿದರು. ಕಂಟ್ರೋಲ್ ಪ್ಲೇನ್ ಯಂತ್ರಗಳಿಗೆ ಹಚ್ಚುತ್ತಿದ್ದ ಮಾಸ್ಟರ್ ಎಂಬ ಗುರುತುಪಟ್ಟಿಯನ್ನು ಕುಬರ್ನೆಟಿಸ್ ಯೋಜನೆ 1.24ರಲ್ಲಿ ಕೈಬಿಟ್ಟು, ಕಂಟ್ರೋಲ್ ಪ್ಲೇನ್ ಎಂಬ ಹೆಸರನ್ನು ಮಾತ್ರ ಉಳಿಸಿತ್ತು. ರೆಡ್ಡಿಟ್‌ನ ನೆಟ್‌ವರ್ಕ್ ವ್ಯವಸ್ಥೆಯಾದ ಕ್ಯಾಲಿಕೊದ ಹಳೆಯ ಸಂರಚನೆಯೊಂದು ಆ ಮಾಸ್ಟರ್ ಪಟ್ಟಿಯನ್ನು ನೋಡಿಯೇ ಯಾವ ಯಂತ್ರ ಜಾಲದ ದಾರಿಗಳ ಮಾಹಿತಿ ಹಂಚಬೇಕೆಂದು ತಿಳಿಯುತ್ತಿತ್ತು. ಪಟ್ಟಿ ಹೋಯಿತು, ದಾರಿಗಳು ಅಳಿಸಿದವು, ತಾಣ ಕುಸಿಯಿತು. ಕುಬರ್ನೆಟಿಸ್‌ನಲ್ಲಿ ಕೆಳಗಿಳಿಯುವ ಸೌಲಭ್ಯವಿಲ್ಲದ್ದರಿಂದ ಹಳೆಯ ಬ್ಯಾಕಪ್‌ನಿಂದ ಇಡೀ ಕಂಟ್ರೋಲ್ ಪ್ಲೇನ್ ಅನ್ನು ಮರುಸ್ಥಾಪಿಸಬೇಕಾಯಿತು.

ಈ ಪ್ರಕರಣವನ್ನು ಕಂಟ್ರೋಲ್ ಪ್ಲೇನ್ ಬಾಡಿಗೆಗೆ ಪಡೆಯಬೇಕೆನ್ನುವವರು ತಮ್ಮ ಪರವಾಗಿ ಉದಾಹರಿಸುವುದುಂಟು. ಸೂಕ್ಷ್ಮವಾಗಿ ನೋಡಿದರೆ ಅದು ಪೂರ್ತಿ ಸರಿಯಲ್ಲ. ಬಾಡಿಗೆಯ ಕಂಟ್ರೋಲ್ ಪ್ಲೇನ್ ಇದ್ದಿದ್ದರೆ ಮರುಸ್ಥಾಪನೆಯ ಸಾಹಸವನ್ನು ಬೇರೆಯವರು ಮಾಡುತ್ತಿದ್ದರು. ಆದರೆ ಗ್ರಾಹಕ ತಾನೇ ಬರೆದು ಮರೆತ ಸಂರಚನೆಯ ಒಂದು ಸಾಲು ಹೊಸ ಆವೃತ್ತಿಯಲ್ಲಿ ಅರ್ಥ ಕಳೆದುಕೊಳ್ಳುವುದನ್ನು ಯಾವ ಕ್ಲೌಡ್ ಕಂಪನಿಯೂ ಮುಂಚಿತವಾಗಿ ಕಾಣಲಾರದು.

ಬೀಜದ ಕ್ಲಸ್ಟರ್, ಚಿಗುರಿನ ಕ್ಲಸ್ಟರ್

ಈ ಎರಡರ ನಡುವೆ ಮೂರನೆಯ ಮಾರ್ಗವೊಂದು ಬೆಳೆದಿದೆ. ಒಂದೊಂದು ಕ್ಲಸ್ಟರಿಗೂ ಮೂರು ಮೂರು ಯಂತ್ರಗಳನ್ನು ಮೀಸಲಿಡುವ ಬದಲು, ಹಲವು ಕ್ಲಸ್ಟರ್‌ಗಳ ಕಂಟ್ರೋಲ್ ಪ್ಲೇನ್‌ಗಳನ್ನು ಮತ್ತೊಂದು ಕುಬರ್ನೆಟಿಸ್ ಕ್ಲಸ್ಟರಿನೊಳಗೆ ಸಾಮಾನ್ಯ ಪಾಡ್‌ಗಳಾಗಿ ನಡೆಸುವುದು ಇದರ ತಿರುಳು. ಎಪಿಐ ಸರ್ವರ್ ಕೂಡ ಒಂದು ಪ್ರೋಗ್ರಾಂ ತಾನೇ, ಅದನ್ನು ಕಾಯುವ ಕೆಲಸವನ್ನೂ ಕುಬರ್ನೆಟಿಸ್‌ಗೇ ಏಕೆ ಒಪ್ಪಿಸಬಾರದು ಎಂಬ ತರ್ಕ. ಜರ್ಮನಿಯ ಎಸ್‌ಎಪಿ ಸಂಸ್ಥೆ 2018ರಲ್ಲಿ ಪರಿಚಯಿಸಿದ ಗಾರ್ಡನರ್ ಯೋಜನೆ ಇದಕ್ಕೆ ತೋಟಗಾರಿಕೆಯ ಭಾಷೆಯನ್ನೇ ಬಳಸುತ್ತದೆ: ಕಂಟ್ರೋಲ್ ಪ್ಲೇನ್‌ಗಳನ್ನು ಹೊತ್ತ ಕ್ಲಸ್ಟರ್ ಬೀಜ, ಅದರಿಂದ ಹೊರಟ ಬಳಕೆಯ ಕ್ಲಸ್ಟರ್ ಚಿಗುರು. ರೆಡ್ ಹ್ಯಾಟ್‌ನ ಹೈಪರ್‌ಶಿಫ್ಟ್ ಕೂಡ ಇದೇ ಜಾಡಿನದು. ರೆಡ್ ಹ್ಯಾಟ್‌ನದೇ ಕುಬರ್ನೆಟಿಸ್ ವೇದಿಕೆಯಾದ ಓಪನ್‌ಶಿಫ್ಟ್‌ನ, ಅಮೆಜಾನ್ ಮೇಲೆ ನಡೆಯುವ ಈ ರೂಪ 2023ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಲಭ್ಯವಾಯಿತು. ಕಮಾಜಿ, ಕೆ0ಸ್ಮೋಟ್ರಾನ್ ಎಂಬ ಮುಕ್ತ ಯೋಜನೆಗಳೂ ಇವೆ.

ಉಳಿತಾಯ ಎದ್ದು ಕಾಣುತ್ತದೆ. 100 ಕ್ಲಸ್ಟರ್‌ಗಳಿಗೆ ಹಳೆಯ ಪದ್ಧತಿಯಲ್ಲಿ 300 ಯಂತ್ರಗಳು ಬೇಕು, ಅವುಗಳಲ್ಲಿ ಬಹುಪಾಲು ದಿನವಿಡೀ ಸುಮ್ಮನೆ ಕೂತಿರುತ್ತವೆ. ಪಾಡ್‌ಗಳಾಗಿ ಒತ್ತೊತ್ತಾಗಿ ಜೋಡಿಸಿದರೆ ಅದರ ಸಣ್ಣ ಪಾಲು ಸಾಕು; ಹೊಸ ಕ್ಲಸ್ಟರ್ ಏಳಲು ಬೇಕಾದ ಸಮಯವೂ ಇಳಿಯುತ್ತದೆ. ನೋಡ್‌ಗಳು ಎಲ್ಲೋ ಖಾಸಗಿ ಜಾಲದ ಹಿಂದಿದ್ದರೆ, ಅವೇ ಒಳಗಿನಿಂದ ಸಂಪರ್ಕ ತೆರೆದು ಎಪಿಐ ಸರ್ವರಿಗೆ ಸುರಂಗ ಕೊರೆಯುವ ಕನೆಕ್ಟಿವಿಟಿ ಎಂಬ ವ್ಯವಸ್ಥೆಯಿದೆ.

ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ಮೊದಲನೆಯದಾಗಿ, ಡಿಸ್ಕ್ ವೇಗವನ್ನೇ ನಂಬಿದ ಎಟ್‌ಸಿಡಿಯ ಹತ್ತಾರು ಪ್ರತಿಗಳು ಒಂದೇ ಯಂತ್ರದಲ್ಲಿ ನೆರೆಹೊರೆಯಾದಾಗ, ಒಬ್ಬರ ಗದ್ದಲಕ್ಕೆ ಇನ್ನೊಬ್ಬರ ನಾಯಕ ಬದಲಾಗುತ್ತಾನೆ. ಇದಕ್ಕಿಂತ ದೊಡ್ಡ ಅಪಾಯ, ಬೀಜದ ಕ್ಲಸ್ಟರ್ ಕೆಟ್ಟರೆ ಅದರ ಎಲ್ಲ ಚಿಗುರುಗಳ ಕಂಟ್ರೋಲ್ ಪ್ಲೇನ್‌ಗಳೂ ಏಕಕಾಲಕ್ಕೆ ನಿಲ್ಲುವುದು. ಬೀಜದ ಕ್ಲಸ್ಟರನ್ನು ಯಾರು ಅಪ್‌ಗ್ರೇಡ್ ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಸಂಸ್ಥೆ ಈ ದಾರಿಗೆ ಇಳಿಯದಿರುವುದೇ ಒಳಿತು. ನೂರು ಕ್ಲಸ್ಟರ್ ಇರುವವರಿಗೆ ಇದು ಲಾಭ, ಐದು ಇರುವವರಿಗೆ ಆರನೆಯದೊಂದನ್ನು ಮೈಮೇಲೆ ಎಳೆದುಕೊಂಡಂತೆ.

ಕಂಟ್ರೋಲ್ ಪ್ಲೇನ್ ನಿಂತಾಗ

ಮೂರರಲ್ಲಿ ಯಾವುದನ್ನು ಆರಿಸಿದರೂ ಕಂಟ್ರೋಲ್ ಪ್ಲೇನ್ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಆಗ ಏನಾಗುತ್ತದೆ ಎಂಬುದರ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮೇಸ್ತ್ರಿ ಊರಿಗೆ ಹೋದ ಮಾತ್ರಕ್ಕೆ ಗಾರೆಯವರು ಕರಣೆ ಕೆಳಗಿಡುವುದಿಲ್ಲ. ಹಾಗೆಯೇ ಓಡುತ್ತಿರುವ ಕಂಟೇನರ್‌ಗಳು ಓಡುತ್ತಲೇ ಇರುತ್ತವೆ, ನೋಡ್ ಮೇಲಿರುವ ಕುಬ್‌ಲೆಟ್ ಎಂಬ ಪ್ರೋಗ್ರಾಂ ಬಿದ್ದ ಕಂಟೇನರನ್ನು ಮತ್ತೆ ಎಬ್ಬಿಸುತ್ತಲೂ ಇರುತ್ತದೆ. ಹೊಸ ಆದೇಶ ಮಾತ್ರ ನಡೆಯುವುದಿಲ್ಲ. ಒಂದು ನೋಡ್ ಸತ್ತರೆ ಅದರ ಮೇಲಿದ್ದ ಕೆಲಸ ಬೇರೆಡೆಗೆ ಹೋಗುವುದಿಲ್ಲ, ಜನಸಂದಣಿ ಬಂದರೆ ಪ್ರತಿಗಳು ಹೆಚ್ಚುವುದಿಲ್ಲ, ಸತ್ತ ಪಾಡ್‌ನ ವಿಳಾಸ ಪಟ್ಟಿಯಿಂದ ಅಳಿಯದೆ ಬೇಡಿಕೆಗಳು ಅಲ್ಲಿಗೇ ಹೋಗುತ್ತಿರುತ್ತವೆ.

ಅಪ್ಲಿಕೇಶನ್‌ಗಳು ತಮಗರಿವಿಲ್ಲದೆಯೇ ಕಂಟ್ರೋಲ್ ಪ್ಲೇನ್ ಮೇಲೆ ಆತುಕೊಂಡಿದ್ದರೆ ಈ ಸಮಾಧಾನವೂ ಇರುವುದಿಲ್ಲ. 2024ರ ಡಿಸೆಂಬರ್ 11ರಂದು ಚಾಟ್‌ಜಿಪಿಟಿ ಸೇರಿದಂತೆ ಓಪನ್‌ಎಐನ ಸೇವೆಗಳು ನಾಲ್ಕು ಗಂಟೆಗೂ ಹೆಚ್ಚು ಕಾಲ ನಿಂತದ್ದು ಹೀಗೆ. ನಿಗಾ ಇಡಲೆಂದು ಹಾಕಿದ ಹೊಸ ಸೇವೆಯೊಂದು ಪ್ರತಿ ನೋಡ್‌ನಿಂದಲೂ ಎಪಿಐ ಸರ್ವರಿಗೆ ಭಾರವಾದ ಪ್ರಶ್ನೆಗಳನ್ನು ಕಳಿಸತೊಡಗಿತು; ಕ್ಲಸ್ಟರ್ ದೊಡ್ಡದಾದಷ್ಟೂ ಭಾರ ಹೆಚ್ಚು, ಹಾಗಾಗಿ ದೊಡ್ಡ ಕ್ಲಸ್ಟರ್‌ಗಳೇ ಮೊದಲು ಮುಗ್ಗರಿಸಿದವು. ಒಳಗಿನ ಸೇವೆಗಳು ಒಂದನ್ನೊಂದು ಹುಡುಕಲು ಬಳಸುತ್ತಿದ್ದ ಡಿಎನ್‌ಎಸ್ ಕೂಡ ಕಂಟ್ರೋಲ್ ಪ್ಲೇನ್ ಅನ್ನೇ ನಂಬಿತ್ತು. ಹಳೆಯ ಉತ್ತರಗಳು ಡಿಎನ್‌ಎಸ್ ನೆನಪಿನಲ್ಲಿ ಸ್ವಲ್ಪ ಹೊತ್ತು ಉಳಿದಿದ್ದರಿಂದ ದೋಷ ತಕ್ಷಣ ಕಾಣಲಿಲ್ಲ, ಅಷ್ಟರಲ್ಲಿ ಬದಲಾವಣೆ ಎಲ್ಲೆಡೆ ಹರಡಿತ್ತು. ಅದನ್ನು ಹಿಂತೆಗೆಯಬೇಕಾದರೆ ಎಪಿಐ ಸರ್ವರ್ ಬೇಕು, ಎಪಿಐ ಸರ್ವರ್ ಬೇಕಾದರೆ ಅದನ್ನು ಹಿಂತೆಗೆಯಬೇಕು ಎಂಬ ಸ್ಥಿತಿ. ಕ್ಲಸ್ಟರ್‌ಗಳನ್ನು ಕುಗ್ಗಿಸಿ, ಬೇಡಿಕೆಗಳನ್ನು ಜಾಲದಲ್ಲೇ ತಡೆದು, ಸರ್ವರ್‌ಗಳ ಬಲ ಹೆಚ್ಚಿಸಿ ಅವರು ಹೊರಬಂದರು. ಶೇ 99.95ರ ಭರವಸೆ ಕೊಡುವ ಕ್ಲೌಡ್ ಒಪ್ಪಂದಗಳು ತಪ್ಪಿದಾಗ ಕೊಡುವುದು ಬಿಲ್ಲಿನಲ್ಲಿ ಒಂದಷ್ಟು ಜಮೆ. ನಿಂತ ವ್ಯಾಪಾರದ ನಷ್ಟ ಆ ಲೆಕ್ಕಕ್ಕೆ ಬರುವುದಿಲ್ಲ.

ಭಾರತದ ಸಂಸ್ಥೆಗಳಿಗೆ ಏನು ಅನ್ವಯಿಸುತ್ತದೆ

ಹೊಣೆಯ ಈ ಪ್ರಶ್ನೆ ನಮ್ಮ ನಿಯಂತ್ರಕರ ಬರಹದಲ್ಲೂ ಇದೆ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಐಟಿ ಹೊರಗುತ್ತಿಗೆ ನಿರ್ದೇಶನದ ಪ್ರಕಾರ, ಕೆಲಸವನ್ನು ಹೊರಗೆ ಕೊಟ್ಟ ಮಾತ್ರಕ್ಕೆ ಬ್ಯಾಂಕುಗಳ ಬಾಧ್ಯತೆ ಕಡಿಮೆಯಾಗುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ 180 ದಿನಗಳ ಲಾಗ್‌ಗಳನ್ನು, ಅಂದರೆ ಚಟುವಟಿಕೆಯ ದಾಖಲೆಗಳನ್ನು, ಕಾಪಾಡಬೇಕೆನ್ನುತ್ತದೆ. ಯಾರು, ಯಾವಾಗ, ಕ್ಲಸ್ಟರಿಗೆ ಏನು ಆದೇಶ ಕೊಟ್ಟರು ಎಂಬ ದಾಖಲೆ ಹುಟ್ಟುವುದು ಕಂಟ್ರೋಲ್ ಪ್ಲೇನ್‌ನಲ್ಲಿ. ಇಕೆಎಸ್‌ನಲ್ಲಿ ಆ ಲಾಗ್‌ಗಳನ್ನು ಗ್ರಾಹಕರ ಖಾತೆಗೆ ಕಳಿಸುವ ಸೌಲಭ್ಯ ಮೂಲತಃ ನಿಲ್ಲಿಸಿಟ್ಟ ಸ್ಥಿತಿಯಲ್ಲಿರುತ್ತದೆ. ಕ್ಲಸ್ಟರ್ ಮುಂಬೈನಲ್ಲಿರಲಿ, ಹೈದರಾಬಾದಿನಲ್ಲಿರಲಿ, ಗ್ರಾಹಕರು ಅದನ್ನು ತಾವೇ ಚಾಲೂ ಮಾಡಬೇಕು. ಪಾಸ್‌ವರ್ಡ್‌ಗಳೂ ಕೀಲಿಗಳೂ ಎಟ್‌ಸಿಡಿಯಲ್ಲೇ ಇರುವುದರಿಂದ, ತಾವೇ ಕಂಟ್ರೋಲ್ ಪ್ಲೇನ್ ನಡೆಸುವವರು ಅವುಗಳ ಗೂಢಲಿಪೀಕರಣವನ್ನೂ ಮರೆಯುವಂತಿಲ್ಲ. ಮೂಲ ಕುಬರ್ನೆಟಿಸ್ ಅದನ್ನು ತಾನಾಗಿ ಮಾಡುವುದಿಲ್ಲ.

ಮುಂದಿನ ದಿನಗಳು

ದೊಡ್ಡ ಕಂಪನಿಗಳು ಒಳಗೊಳಗೇ ಮೂಲ ವಿನ್ಯಾಸದಿಂದ ದೂರ ಸರಿಯುತ್ತಿವೆ. ಕುಬರ್ನೆಟಿಸ್ ಯೋಜನೆ ಅಧಿಕೃತವಾಗಿ ಹೇಳುವ ಮಿತಿ 5,000 ನೋಡ್. 65,000 ನೋಡ್ ಬೆಂಬಲಿಸುವುದಾಗಿ ಗೂಗಲ್ 2024ರ ನವೆಂಬರ್‌ನಲ್ಲಿ ಹೇಳಿದಾಗ ಎಟ್‌ಸಿಡಿಯ ಜಾಗದಲ್ಲಿ ತನ್ನ ಸ್ಪ್ಯಾನರ್ ಆಧಾರಿತ ದತ್ತಸಂಚಯವನ್ನು ಕೂರಿಸಿತ್ತು. 2025ರ ಜುಲೈನಲ್ಲಿ 1,00,000 ನೋಡ್ ಎಂದ ಅಮೆಜಾನ್, ಎಟ್‌ಸಿಡಿಯ ರಾಫ್ಟ್ ಭಾಗವನ್ನು ತೆಗೆದು ತನ್ನ ಒಳಬಳಕೆಯ ಜರ್ನಲ್ ವ್ಯವಸ್ಥೆಗೆ ಅದನ್ನು ಒಪ್ಪಿಸಿತು. ಹೊರಗಿನ ಎಪಿಐ ಒಂದೇ ಆಗಿರುವುದರಿಂದ ಗ್ರಾಹಕರಿಗೆ ವ್ಯತ್ಯಾಸ ಕಾಣದು. ಆದರೆ ಕೃತಕ ಬುದ್ಧಿಮತ್ತೆಯ ತರಬೇತಿಗಾಗಿ ಆ ಗಾತ್ರವನ್ನು ನಂಬಿದವರು ಬೇಕೆಂದಾಗ ಕಂಟ್ರೋಲ್ ಪ್ಲೇನ್ ಅನ್ನು ತಮ್ಮ ಮನೆಗೆ ತಂದುಕೊಳ್ಳಲಾರರು, ಏಕೆಂದರೆ ಅದೇ ತಂತ್ರಾಂಶ ಮುಕ್ತವಾಗಿ ಸಿಗುವುದಿಲ್ಲ. ತಾವೇ ನಡೆಸುವ ಹಕ್ಕು ಕಾಗದದ ಮೇಲೆ ಉಳಿದು, ದೊಡ್ಡ ಗಾತ್ರದಲ್ಲಿ ಕೈತಪ್ಪುತ್ತಿದೆ.

ಸಣ್ಣ ಸಂಸ್ಥೆಗಳಿಗೆ ಅಷ್ಟು ದೂರದ ಚಿಂತೆಯಿಲ್ಲ. ಅವರ ಮುಂದಿರುವುದು ಹತ್ತಿರದ ತಾರೀಕು. 1.31ನೇ ಆವೃತ್ತಿಯ ವಿಸ್ತರಿತ ಬೆಂಬಲ 12 ತಿಂಗಳದ್ದು, 2026ರ ನವೆಂಬರ್ 26ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ 60 ಸೆಂಟ್ ಕೊಟ್ಟವರ ಕಂಟ್ರೋಲ್ ಪ್ಲೇನ್ ಅನ್ನೂ ಆ ನಂತರ ಅಮೆಜಾನ್ ತಾನೇ ಮುಂದಿನ ಆವೃತ್ತಿಗೆ ಏರಿಸುತ್ತದೆ. ಏರುವುದು ಕಂಟ್ರೋಲ್ ಪ್ಲೇನ್ ಮಾತ್ರ. ಗ್ರಾಹಕರ ನೋಡ್‌ಗಳೂ ಯಾಮಲ್ ಕಡತಗಳೂ ಇದ್ದಲ್ಲೇ ಇರುತ್ತವೆ.